ಬಾನೆಟ್ ಕೆಳಗಿನ ಪ್ಲಾಸ್ಟಿಕ್ ಭಾಗಗಳನ್ನು ಎಂಜಿನ್ ಕಾವಿನಿಂದ ಉಳಿಸಿಕೊಳ್ಳುವುದು ಹೇಗೆ?

ಬಾನೆಟ್ ಎತ್ತಿ ನೋಡಿದರೆ ಕಣ್ಣಿಗೆ ಬೀಳುವುದರಲ್ಲಿ ಹೆಚ್ಚಿನದು ಪ್ಲಾಸ್ಟಿಕ್ಕೇ. ಏರ್ ಫಿಲ್ಟರ್ ಡಬ್ಬಿ, ಕೂಲಂಟ್ ಬಾಟಲ್, ರೇಡಿಯೇಟರ್‌ನ ಎರಡು ತುದಿಯ ಟ್ಯಾಂಕ್, ಫ್ಯಾನ್ ಸುತ್ತಲಿನ ಚೌಕಟ್ಟು, ವೈರಿಂಗ್ ಪೈಪು, ವೈರುಗಳನ್ನು ಜೋಡಿಸುವ ಕಪ್ಲರ್‌ಗಳು, ಎಂಜಿನ್ ಮೇಲಿನ ಮುಚ್ಚಳ, ಎಲ್ಲವನ್ನೂ ಹಿಡಿದಿರುವ ಕ್ಲಿಪ್ಪುಗಳು. ಇವು ಕರಗಿ ಹಾಳಾಗುವುದು ಅಪರೂಪ. ವರ್ಷಗಟ್ಟಲೆ ಕಾವು ಕುಡಿದು ಪೆಡಸಾಗುತ್ತವೆ. ಒಂದು ದಿನ ಮೆಕ್ಯಾನಿಕ್ ಕ್ಲಿಪ್ ಎಳೆದಾಗ ಟಪ್ಪನೆ ಮುರಿಯುತ್ತವೆ, ಇಲ್ಲವೇ ಘಾಟಿ ಹತ್ತುವಾಗ ರೇಡಿಯೇಟರ್ ಟ್ಯಾಂಕ್ ಸೀಳುತ್ತದೆ. ಬಿಡಿಭಾಗದ ಅಂಗಡಿಯಲ್ಲಿ ಹೊಳೆಯುವ ಹೀಟ್ ಟೇಪ್ ತಂದು ಸಿಕ್ಕಲ್ಲೆಲ್ಲ ಸುತ್ತಿದರೆ ಇದು ನಿಲ್ಲುವುದಿಲ್ಲ. ಕಾವು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಬೇಕು. ಕಂಪನಿಯವರೇ ಕೊಟ್ಟಿದ್ದ ರಕ್ಷಣೆಯಲ್ಲಿ ಏನು ಕಳೆದುಹೋಗಿದೆ ಎಂದು ನೋಡಿ ಅದನ್ನು ಹಿಂದಕ್ಕೆ ಹಾಕಬೇಕು. ಹೊಸದಾಗಿ ಸೇರಿಸುವುದೇನಿದ್ದರೂ ಆಮೇಲೆ.

ಎಲ್ಲ ಪ್ಲಾಸ್ಟಿಕ್ ಒಂದೇ ಅಲ್ಲ. ಭಾಗದ ಹಿಂಬದಿಯಲ್ಲಿ ಸಾಮಾನ್ಯವಾಗಿ ಅದರ ಜಾತಿ ಅಚ್ಚಾಗಿರುತ್ತದೆ. ಪಿಪಿ ಎಂದಿದ್ದರೆ ಪಾಲಿಪ್ರೊಪಿಲೀನ್. ಏರ್ ಫಿಲ್ಟರ್ ಡಬ್ಬಿ, ಕೂಲಂಟ್ ಬಾಟಲ್ ಹೆಚ್ಚಾಗಿ ಇದರದ್ದೇ. ಇದು ಕರಗುವುದು ಸುಮಾರು 165 ಡಿಗ್ರಿಯಲ್ಲಾದರೂ, 100 ಡಿಗ್ರಿಯ ಆಸುಪಾಸಿಗೇ ಭಾರ ಬಿದ್ದ ಕಡೆ ಬಾಗತೊಡಗುತ್ತದೆ. ಪಿಎ66-ಜಿಎಫ್30 ಎಂದಿದ್ದರೆ ನೂರಕ್ಕೆ 30 ಪಾಲು ಗಾಜಿನ ನಾರು ಸೇರಿಸಿದ ನೈಲಾನ್. ರೇಡಿಯೇಟರ್ ಟ್ಯಾಂಕ್, ಎಂಜಿನ್‌ಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್, ಎಂಜಿನ್ ತಲೆ ಮುಚ್ಚುವ ವಾಲ್ವ್ ಕವರ್ ಇಂಥದ್ದರಲ್ಲಿ ಮಾಡುತ್ತಾರೆ. ಇದರ ಕರಗುವ ಮಟ್ಟ 260 ಡಿಗ್ರಿಯ ಹತ್ತಿರ. ನೈಲಾನ್ ಕಾವಿಗೆ ಗಟ್ಟಿ, ಆದರೆ ಹಳಸಿದ ಕೂಲಂಟ್‌ಗೆ ಸೋಲುತ್ತದೆ. ಪಿಪಿ ಕೂಲಂಟ್‌ಗೆ ಜಗ್ಗುವುದಿಲ್ಲ, ಎಂಜಿನ್‌ನ ಬಿಸಿ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ತಿರ ಹೋದರೆ ಕೆಡುತ್ತದೆ.

ಮೊದಲು ತಪಾಸಣೆ

ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಿಗ್ಗೆ ಗಾಡಿ ಹೊರಡಿಸುವ ಮೊದಲು, ಟಾರ್ಚ್ ಹಿಡಿದು ನೋಡಿ. ಹಾಳಾಗಿರುವ ರೀತಿಯೇ ಕಾರಣವನ್ನು ಹೇಳುತ್ತದೆ.

ಭಾಗದ ಒಂದೇ ಮಗ್ಗುಲು, ಅದೂ ಎಕ್ಸಾಸ್ಟ್ ಕಡೆಯದು, ಬಿಳಿಚಿಕೊಂಡು, ಗುಳ್ಳೆ ಎದ್ದು, ಒಳಕ್ಕೆ ಕುಸಿದಿದ್ದರೆ ಅದು ನೇರ ಝಳದ ಪೆಟ್ಟು. ಹೀಟ್ ಶೀಲ್ಡ್, ಅಂದರೆ ಝಳ ತಡೆಯುವ ತಗಡು, ಹೋಗಿದೆ ಅಥವಾ ಭಾಗ ತನ್ನ ಜಾಗದಿಂದ ಸರಿದಿದೆ. ಎಲ್ಲ ಭಾಗಗಳೂ ಸಮನಾಗಿ ಬೂದು ಬಣ್ಣಕ್ಕೆ ತಿರುಗಿ, ಸುಕ್ಕಿನ ವೈರಿಂಗ್ ಪೈಪನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತಿದ್ದರೆ ಬಾನೆಟ್ ಒಳಗೆ ಬಿಸಿಗಾಳಿ ಸಿಕ್ಕಿಹಾಕಿಕೊಳ್ಳುತ್ತಿದೆ. ಕೂಲಂಟ್ ಬಾಟಲ್ ಕಂದು ಬಣ್ಣಕ್ಕೆ ತಿರುಗಿ, ಎರಡು ಹೋಳು ಕೂಡುವ ಅಂಚಿನಲ್ಲೋ ಹೋಸ್ ಕೂರುವ ಮೂತಿಯ ಬುಡದಲ್ಲೋ ಕೂದಲೆಳೆಯಂಥ ಗೆರೆಗಳು ಕಂಡರೆ ಪೆಟ್ಟು ಒಳಗಿನಿಂದ. ಗೆರೆ ಸುಲಭಕ್ಕೆ ಕಾಣುವುದಿಲ್ಲ. ಬಾಟಲ್ ಹಿಂದೆ ಟಾರ್ಚ್ ಹಿಡಿದು ಎದುರಿನಿಂದ ನೋಡಿ, ಅಂಚಿನ ಉದ್ದಕ್ಕೂ ಬೆರಳಾಡಿಸಿ. ಒಣಗಿದ ಕೂಲಂಟ್‌ನ ಬಿಳಿ, ಹಸಿರು ಅಥವಾ ಗುಲಾಬಿ ಪುಡಿ ಕೈಗೆ ಹತ್ತಿದರೆ ಅಲ್ಲಿ ಆಗಲೇ ಸೋರುತ್ತಿದೆ ಎಂದೇ ಲೆಕ್ಕ. ಇನ್ನು ಕಪ್ಲರ್‌ನಲ್ಲಿ ಒಂದೇ ಒಂದು ಪಿನ್ನಿನ ಸುತ್ತ ಮಾತ್ರ ಸುಟ್ಟಿದ್ದರೆ ಎಂಜಿನ್‌ದು ತಪ್ಪಲ್ಲ, ಅದು ಕರೆಂಟಿನ ಕಾವು.

ಹೀಟ್ ಶೀಲ್ಡ್: ಎಲ್ಲಕ್ಕಿಂತ ಹೆಚ್ಚು ಕೆಲಸ ಇಲ್ಲಿಯೇ

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲಿನ ತಗಡು ಕೆಲವು ವರ್ಷಕ್ಕೆ ಕಿರಕಿರ ಎನ್ನತೊಡಗುತ್ತದೆ. ಬೋಲ್ಟ್ ಕೂರುವ ತೂತಿನ ಸುತ್ತ ತುಕ್ಕು ಹಿಡಿದು ತೂತು ಅಗಲವಾಗಿರುತ್ತದೆ. ಎಷ್ಟೋ ಗ್ಯಾರೇಜ್‌ಗಳಲ್ಲಿ "ಇದರಿಂದ ಏನೂ ಉಪಯೋಗ ಇಲ್ಲ" ಎಂದು ತಗಡನ್ನೇ ಕಿತ್ತು ಬಿಸಾಡುತ್ತಾರೆ. ಸದ್ದು ನಿಲ್ಲುತ್ತದೆ, ಆದರೆ ನೂರಾರು ಡಿಗ್ರಿ ಬಿಸಿಯ ಮ್ಯಾನಿಫೋಲ್ಡ್‌ಗೂ ಪಕ್ಕದ ಪ್ಲಾಸ್ಟಿಕ್‌ಗೂ ನಡುವೆ ಮರೆಯೇ ಇಲ್ಲದಂತಾಗುತ್ತದೆ. ಆ ತಗಡನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ.

ಸದ್ದಿಗೆ ಮದ್ದು ದೊಡ್ಡ ವಾಷರ್. ಬಹಳಷ್ಟು ಕಾರುಗಳಲ್ಲಿ ಈ ಬೋಲ್ಟ್ 6 ಮಿ.ಮೀ. ದಪ್ಪದ್ದು, 10 ನಂಬರ್ ಸ್ಪ್ಯಾನರ್ ಸಾಕು. ಹಿಂದಿನ ಸಂಜೆಯೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಒಣ ಬೋಲ್ಟನ್ನು ಜೋರು ಮಾಡಿ ತಿರುಗಿಸಿದರೆ ತಲೆ ತುಂಡಾಗಿ ದೇಹ ಮ್ಯಾನಿಫೋಲ್ಡ್ ಒಳಗೇ ಉಳಿಯುತ್ತದೆ, ಡ್ರಿಲ್ ಹಾಕಿ ತೆಗೆಸಬೇಕಾಗುತ್ತದೆ. ಬೋಲ್ಟ್ ಬಂದ ಮೇಲೆ 18ರಿಂದ 20 ಮಿ.ಮೀ. ಅಗಲದ ಸ್ಟೇನ್‌ಲೆಸ್ ಸ್ಟೀಲ್ ವಾಷರ್ ಅನ್ನು ತಗಡಿನ ಎರಡೂ ಬದಿಗೆ ಕೊಟ್ಟು, ಬೋಲ್ಟಿನ ತಿರುಪು ಗೆರೆಗಳಿಗೆ ತಾಮ್ರದ ಗ್ರೀಸ್ ಸವರಿ ಬಿಗಿ ಮಾಡಿ. ರಬ್ಬರ್ ಅಥವಾ ನೈಲಾನ್ ವಾಷರ್ ಇಲ್ಲಿ ಬೇಡ. ತಗಡು ಮ್ಯಾನಿಫೋಲ್ಡ್‌ಗೆ ತಾಗಬಾರದು. ಸುತ್ತಲೂ ಬೆರಳು ತೂರುವಷ್ಟು, ಅಂದರೆ 10 ಮಿ.ಮೀ.ನಷ್ಟಾದರೂ ಗಾಳಿ ಇರಬೇಕು. ಕಾವನ್ನು ತಡೆಯುವುದು ತಗಡೊಂದೇ ಅಲ್ಲ, ಆ ಸಂದಿನ ಗಾಳಿಯೂ ಹೌದು.

ಶೀಲ್ಡ್ ಕಳೆದೇ ಹೋಗಿದ್ದರೆ ಕಂಪನಿಯದ್ದನ್ನೇ ತರಿಸುವುದು ಉತ್ತಮ. ಸಿಗದಿದ್ದರೆ 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆಯನ್ನು ಕತ್ತರಿಸಿ, ಅಂಚನ್ನು ಮಡಚಿ, ಪ್ಲಾಸ್ಟಿಕ್ ಭಾಗದ ಕಡೆಗೆ ನಿಲ್ಲಿಸಬಹುದು. ಮಡಚದ ಅಂಚು ಪಕ್ಕದ ವೈರನ್ನು ಕೊಯ್ಯುತ್ತದೆ. ಟರ್ಬೊ ಪಕ್ಕದಲ್ಲಾದರೆ ಸ್ಟೀಲ್ ಹಾಳೆಯೇ ಆಗಬೇಕು.

ಎಕ್ಸಾಸ್ಟ್‌ಗೆ ಬಟ್ಟೆಯಂಥ ಹೀಟ್ ವ್ರ್ಯಾಪ್ ಸುತ್ತುವ ರೂಢಿ ರೇಸಿಂಗ್ ಗಾಡಿಗಳಿಂದ ಬಂದದ್ದು. ದಿನಬಳಕೆಯ ಕಾರಿನ ಮ್ಯಾನಿಫೋಲ್ಡ್‌ಗೆ ಅದು ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಳಗೇ ಉಳಿಯುವ ಕಾವಿಗೆ ಎರಕದ ಕಬ್ಬಿಣ ಬಿರುಕು ಬಿಡಬಹುದು. ವಾಲ್ವ್ ಕವರ್‌ನಿಂದ ಎಣ್ಣೆ ತೊಟ್ಟಿಕ್ಕಿ ಬಟ್ಟೆ ಹೀರಿಕೊಂಡರೆ ಬೆಂಕಿಯ ಅಪಾಯವೂ ಇದೆ.

ಗಾಳಿಯ ದಾರಿ

ಹಂಪ್‌ಗೆ ತಾಗಿ ಎಂಜಿನ್ ಅಡಿಯ ಪ್ಲಾಸ್ಟಿಕ್ ಕವರ್ ಕಿತ್ತುಬಂದರೆ ಹಲವರು ಅದನ್ನು ಮತ್ತೆ ಹಾಕಿಸುವುದೇ ಇಲ್ಲ. ಕೆಳಗೆ ತೆರೆದಿದ್ದರೆ ಎಂಜಿನ್ ತಂಪಾಗುತ್ತದೆ ಎಂಬ ನಂಬಿಕೆ ತಪ್ಪು. ಮುಂದಿನಿಂದ ಬಂದ ಗಾಳಿ ರೇಡಿಯೇಟರ್ ಮೂಲಕ ಹಾದು ಗೊತ್ತಾದ ದಾರಿಯಲ್ಲಿ ಹೊರಹೋಗಲೆಂದೇ ಆ ಕವರ್ ಇರುವುದು. ರೇಡಿಯೇಟರ್ ಎರಡು ಪಕ್ಕದ ಸ್ಪಂಜು ಪಟ್ಟಿ, ಬಾನೆಟ್‌ನ ಹಿಂಬದಿಯ ರಬ್ಬರ್ ಬೀಡಿಂಗ್‌ಗಳ ಕೆಲಸವೂ ಇಂಥದ್ದೇ. ಹರಿದಿದ್ದರೆ ಬದಲಿಸಿ. ಗ್ರಿಲ್ ಮುಂದೆ ಹೆಚ್ಚುವರಿ ಲೈಟು, ಅಲಂಕಾರದ ಫಲಕ ಕಟ್ಟಿದ್ದರೆ ಬಿಚ್ಚಿ. ಎಸಿ ಕಂಡೆನ್ಸರ್‌ನ ಸಂದುಗಳಲ್ಲಿ ತುಂಬಿದ ಮಣ್ಣು, ಹುಳುಗಳನ್ನು ಮಾಮೂಲಿ ಪೈಪಿನ ನೀರಲ್ಲಿ ತೊಳೆಯಿರಿ; ಪ್ರೆಷರ್ ಗನ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿ ದಾರಿ ಇನ್ನೂ ಮುಚ್ಚುತ್ತದೆ.

ಫ್ಯಾನ್ ಪರೀಕ್ಷೆ ಸುಲಭ. ಎಂಜಿನ್ ಚಾಲೂ ಮಾಡಿ ಎಸಿ ಹಾಕಿ. ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ಎಸಿ ಆರಿಸಿ ಎಂಜಿನ್ ಬಿಸಿಯಾಗಲು ಬಿಟ್ಟರೂ ಒಂದು ಹಂತದಲ್ಲಿ ತಾನಾಗಿ ತಿರುಗಬೇಕು. ಎರಡು ವೇಗದ ಫ್ಯಾನ್ ಇರುವ ಕಾರುಗಳಲ್ಲಿ ರೆಸಿಸ್ಟರ್ ಸುಟ್ಟು ಕಡಿಮೆ ವೇಗ ಸತ್ತಿರುತ್ತದೆ, ಹೆಚ್ಚಿನ ವೇಗ ಮಾತ್ರ ಉಳಿದಿರುತ್ತದೆ. ಗೇಜ್ ಕೆಂಪಿಗೆ ಹೋಗದ ಕಾರಣ ಮಾಲೀಕರಿಗೆ ಗೊತ್ತಾಗುವುದೇ ಇಲ್ಲ; ಟ್ರಾಫಿಕ್‌ನಲ್ಲಿ ಪ್ರತಿ ದಿನ ಎಲ್ಲ ಪ್ಲಾಸ್ಟಿಕ್ ಇರಬೇಕಾದದ್ದಕ್ಕಿಂತ ಹೆಚ್ಚು ಬೇಯುತ್ತಿರುತ್ತದೆ.

ಕೂಲಂಟ್

ರೇಡಿಯೇಟರ್‌ಗೆ ನಲ್ಲಿ ನೀರು, ಅದರಲ್ಲೂ ಬೋರ್‌ವೆಲ್ ನೀರು ಹಾಕಬೇಡಿ. ಗಡಸು ನೀರು ಒಳಗೆ ಹಿಟ್ಟುಗಟ್ಟಿ ತೆಳು ಕೊಳವೆಗಳನ್ನು ಮುಚ್ಚುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಅರ್ಧರ್ಧ ಬೆರೆಸಿ, ಅಥವಾ ಬೆರೆಸಿಯೇ ಬರುವ ಡಬ್ಬಿ ತನ್ನಿ. ಬೆರೆಸಿ ಬಂದದ್ದಕ್ಕೆ ಮತ್ತೆ ನೀರು ಸೇರಿಸುವ ತಪ್ಪು ಬಹಳ ಕಡೆ ಆಗುತ್ತದೆ. ಬಣ್ಣ ಒಂದೇ ಇದೆ ಎಂದು ಬೇರೆ ಜಾತಿಯದನ್ನು ಸೇರಿಸಬೇಡಿ. ಬಣ್ಣ ತಯಾರಕರು ಹಾಕುವುದು, ಜಾತಿ ತಿಳಿಯಲು ಕಾರಿನ ಕೈಪಿಡಿಯನ್ನೇ ನೋಡಬೇಕು. ಹಳಸಿದ ಕೂಲಂಟ್ ಹುಳಿಯಾಗಿ ಒಳಗಿನಿಂದ ನೈಲಾನ್ ಟ್ಯಾಂಕನ್ನು ತಿನ್ನುವುದರಿಂದ ಕೈಪಿಡಿಯ ಅವಧಿ ದಾಟಿಸಬೇಡಿ.

ಕೂಲಂಟ್ ತುಂಬುವ ಬಾಯಿಯ ಮುಚ್ಚಳವೂ ಮುಖ್ಯ. ಅದರ ಸ್ಪ್ರಿಂಗ್ ಸಾಮಾನ್ಯವಾಗಿ 0.9ರಿಂದ 1.1 ಬಾರ್ ಒತ್ತಡ ಹಿಡಿಯುತ್ತದೆ. ಅಂಕಿ ಮುಚ್ಚಳದ ಮೇಲೇ ಇರುತ್ತದೆ. ಸಡಿಲವಾದರೆ ಕೂಲಂಟ್ ಬೇಗ ಕುದಿಯುತ್ತದೆ, ಕಚ್ಚಿಕೊಂಡರೆ ಒತ್ತಡ ಮಿತಿಮೀರಿ ಟ್ಯಾಂಕ್ ಸೀಳುತ್ತದೆ. ಅದೇ ಅಂಕಿಯ ಮುಚ್ಚಳವನ್ನೇ ಹಾಕಿ. ಬಿಸಿಯಿರುವಾಗ ತೆರೆಯಲೇಬೇಡಿ, ಮುಖ ಕೈ ಸುಟ್ಟುಹೋಗುತ್ತದೆ.

ಮಾರುತಿಯ ಬಹಳಷ್ಟು ಕಾರುಗಳಲ್ಲಿ ಬಾಟಲ್ ಬರೀ ಉಕ್ಕಿದ್ದನ್ನು ಹಿಡಿಯುವ ಡಬ್ಬಿ, ಅದರಲ್ಲಿ ಒತ್ತಡ ಇರುವುದಿಲ್ಲ. ಫೋಕ್ಸ್‌ವ್ಯಾಗನ್ ಪೋಲೊದಂಥ ಕಾರುಗಳಲ್ಲಿ ಬಾಟಲ್ ಪೂರ್ತಿ ಒತ್ತಡದಲ್ಲಿರುತ್ತದೆ. ಈ ಎರಡನೆಯ ಬಗೆಯದ್ದರಲ್ಲಿ ಗೆರೆ ಕಂಡರೆ ಎಂ-ಸೀಲ್ ಹಚ್ಚಿ ದಿನ ದೂಡಬೇಡಿ, ನಿಲ್ಲುವುದಿಲ್ಲ, ಬಾಟಲ್ ಬದಲಿಸಿ. ಪ್ಲಾಸ್ಟಿಕ್ ಥರ್ಮೋಸ್ಟ್ಯಾಟ್ ಹೌಸಿಂಗ್, ವಾಲ್ವ್ ಕವರ್ ಕೂರಿಸುವಾಗ ಬೋಲ್ಟ್‌ಗೆ ಬೇಕಾದ ಬಿಗಿ ಬಹುತೇಕ 10 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಕಾರಿನ ಅಂಕಿ ನೋಡಿಕೊಂಡು ಟಾರ್ಕ್ ವ್ರೆಂಚ್ ಬಳಸಿ. ಕೈಬಲದಲ್ಲಿ ಬಿಗಿದದ್ದು ಅಂದು ಸೋರುವುದಿಲ್ಲ, ಕೆಲವು ತಿಂಗಳು ಕಾದು ತಣಿದ ಮೇಲೆ ಬೋಲ್ಟ್ ತೂತಿನಿಂದಲೇ ಬಿರುಕು ಹೊರಡುತ್ತದೆ.

ವೈರು, ಕಪ್ಲರ್, ಹೆಡ್‌ಲೈಟ್

ಕಂಪನಿ ಕೊಟ್ಟ ಎಚ್4 ಹೆಡ್‌ಲೈಟ್ ಬಲ್ಬು 60/55 ವ್ಯಾಟ್, ಅಂದರೆ ಹೈ ಬೀಮ್‌ಗೆ 60, ಲೋ ಬೀಮ್‌ಗೆ 55. ಅದರ ಜಾಗಕ್ಕೆ 100/90 ವ್ಯಾಟಿನದು ಹಾಕಿದರೆ ಹೈ ಬೀಮ್‌ನಲ್ಲಿ 5 ಆಂಪಿಯರ್ ಇದ್ದ ಕರೆಂಟ್ 8 ದಾಟುತ್ತದೆ. ಪಿನ್ನಿನಲ್ಲಿ ಹುಟ್ಟುವ ಕಾವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಕಪ್ಲರ್ ಕಂದಾಗಿ ಪಿನ್ ಸಡಿಲವಾಗುತ್ತದೆ, ಸಡಿಲವಾದ ಪಿನ್ ಇನ್ನಷ್ಟು ಕಾಯುತ್ತದೆ. ಬ್ಯಾಟರಿಯಿಂದ ಬಲ್ಬಿಗೆ ಬೇರೆ ದಾರಿಯಲ್ಲಿ ಕರೆಂಟ್ ಕೊಡುವ ರಿಲೇ ಹಾಕಿದರೆ ವೈರು ಉಳಿದೀತು, ಬಲ್ಬಿನ ಝಳದಿಂದ ಲೈಟಿನ ಒಳಗಿನ ಪ್ಲಾಸ್ಟಿಕ್ ಉಳಿಯುವುದಿಲ್ಲ. ಹಳೆಯ ವ್ಯಾಟಿಗೇ ಮರಳಿ. ಸುಟ್ಟ ಕಪ್ಲರನ್ನು ಉಜ್ಜಿ ಬಳಸದೆ, ವೈರಿನ ತುಂಡು ಸಮೇತ ಬರುವ ಹೊಸದನ್ನು ಕ್ರಿಂಪ್ ಮಾಡಿಸಿ ಹಾಕಿ.

ಎಕ್ಸಾಸ್ಟ್ ಹತ್ತಿರ ಹಾಯುವ ವೈರಿಗೆ, ಮುಖ್ಯವಾಗಿ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ನದಕ್ಕೆ, ಮೊದಲು ಅದರ ಕ್ಲಿಪ್ ಇದೆಯೇ ನೋಡಿ. ಕ್ಲಿಪ್ ಮುರಿದು ವೈರು ಜೋತು ಮ್ಯಾನಿಫೋಲ್ಡ್ ಮೇಲೆ ಬೀಳುವುದೇ ಸಾಮಾನ್ಯ. ಆಮೇಲೂ ಹತ್ತಿರವೆನಿಸಿದರೆ ಸ್ಲೀವ್ ಹಾಕಿ. ಝಳ ದೂರದಿಂದ ಬಡಿಯುತ್ತಿದ್ದರೆ ಹೊರಗೆ ಅಲ್ಯೂಮಿನಿಯಂ ಹಾಳೆ ಇರುವ ಗಾಜಿನ ನಾರಿನ ಸ್ಲೀವ್. ಬಿಸಿ ಲೋಹಕ್ಕೆ ಅಪರೂಪಕ್ಕೆ ತಾಗುವಂತಿದ್ದರೆ ಸಿಲಿಕೋನ್ ಲೇಪದ ಗಾಜಿನ ನಾರಿನ ದಪ್ಪ ಸ್ಲೀವ್, ಅದು 260 ಡಿಗ್ರಿವರೆಗೆ ತಾಳುತ್ತದೆ. ಹೊಳೆಯುವ ಮೈ ಕಾವಿನ ಕಡೆ ಇರಲಿ, ಎಣ್ಣೆ ಧೂಳು ಕೂತು ಮಂಕಾದರೆ ಒರೆಸಿ. ಮಾಮೂಲಿ ನೈಲಾನ್ ಟೈ 85 ಡಿಗ್ರಿಗೇ ಮುಗಿಯಿತು. ಎಕ್ಸಾಸ್ಟ್ ಹತ್ತಿರ ಸ್ಟೀಲ್ ಟೈ ಬಳಸಿ, ಆದರೆ ಸ್ಲೀವ್ ಮೇಲೆ ಮಾತ್ರ, ಬರಿ ವೈರಿನ ಮೇಲೆ ಅಲ್ಲ. ಕರಿ ಇನ್ಸುಲೇಷನ್ ಟೇಪ್ ಬಾನೆಟ್ ಒಳಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ವೈರಿಂಗ್‌ಗೆಂದೇ ಇರುವ ಬಟ್ಟೆ ಟೇಪ್ ತನ್ನಿ.

ಓಡಿಸುವಾಗ, ನಿಲ್ಲಿಸುವಾಗ, ತೊಳೆಯುವಾಗ

ಎಂಜಿನ್ ಆರಿಸಿದ ಕೂಡಲೇ ಗಾಳಿಯೂ ನಿಲ್ಲುತ್ತದೆ, ಕೂಲಂಟ್ ಹರಿವೂ ನಿಲ್ಲುತ್ತದೆ. ಕಬ್ಬಿಣದಲ್ಲಿದ್ದ ಕಾವು ಮೇಲೇಳುತ್ತದೆ. ಹಾಗಾಗಿ ಬಾನೆಟ್ ಕೆಳಗಿನ ಪ್ಲಾಸ್ಟಿಕ್‌ಗೆ ಎಷ್ಟೋ ಸಲ ಓಡುವ ಹೊತ್ತಿಗಿಂತ ನಿಂತ ಮೇಲಿನ ಕೆಲವು ನಿಮಿಷವೇ ಹೆಚ್ಚು ಕಷ್ಟದ್ದು. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತಿ ಮೇಲೆ ಚಹಾಕ್ಕೆ ನಿಲ್ಲಿಸಿದಾಗ, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ದೂರ ಓಡಿಸಿ ಬಂದಾಗ, ಎಸಿ ಆರಿಸಿ ಎಂಜಿನನ್ನು ಒಂದೆರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಆಫ್ ಮಾಡಿ. ಟರ್ಬೊ ಗಾಡಿಗೆ ಇದು ಇನ್ನೂ ಒಳ್ಳೆಯದು. ಬಾನೆಟ್ ಎತ್ತಿಟ್ಟರೆ ಕಾವು ಬೇಗ ಹೋಗುತ್ತದೆ; ಕೀ ತೆಗೆದ ಮೇಲೂ ಫ್ಯಾನ್ ತಿರುಗಬಹುದು, ಕೈ ದೂರವಿರಲಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ.

ಡೀಸೆಲ್ ಸ್ಪ್ರೇ ಹೊಡೆದು ಎಂಜಿನ್ ತೊಳೆಯುವುದಕ್ಕೆ ಒಪ್ಪಬೇಡಿ. ಹೋಸ್, ಬೀಡಿಂಗ್ ರಬ್ಬರ್ ಉಬ್ಬುತ್ತದೆ, ಉಳಿದ ಜಿಡ್ಡಿಗೆ ಧೂಳು ಹತ್ತಿ ಕಾವು ಹೊರಹೋಗುವುದಕ್ಕೂ ಅಡ್ಡಿ. ತಣ್ಣಗಾದ ಎಂಜಿನ್‌ಗೆ ಶಾಂಪೂ ನೀರು, ಬ್ರಷ್, ಒದ್ದೆ ಬಟ್ಟೆ ಸಾಕು. ತೊಳೆದ ಮೇಲೆ ಹಚ್ಚುವ ಪಾಲಿಶ್ ಹೊಳಪಿಗಷ್ಟೇ, ಎಂಜಿನ್ ಕಾವನ್ನು ಅದು ತಡೆಯುವುದಿಲ್ಲ.

ಬಾನೆಟ್ ಒಳಮೈಯ ಪ್ಯಾಡನ್ನೂ ಮರೆಯಬೇಡಿ. ಅದನ್ನು ಹಿಡಿದ ಕ್ಲಿಪ್ಪುಗಳು ಪೆಡಸಾಗಿ ಒಂದೊಂದೇ ಉದುರಿದರೆ ಪ್ಯಾಡ್ ಜೋತು ಎಕ್ಸಾಸ್ಟ್ ಮೇಲೆ ಬಿದ್ದು ಹೊತ್ತಿಕೊಳ್ಳಬಹುದು. ಇಲಿ ಕಡಿದು ತೂತಾದ ಪ್ಯಾಡಿನ ಬದಲು ಮನೆ ಚಾವಣಿಗೆ ಹಾಕುವ ಗುಳ್ಳೆ ಹಾಳೆ ಅಂಟಿಸುವವರಿದ್ದಾರೆ. ಅದರೊಳಗಿನ ಪಾಲಿಥೀನ್ 110 ಡಿಗ್ರಿಯ ಸುತ್ತಮುತ್ತ ಕರಗಿ ಕೆಳಗೆ ತೊಟ್ಟಿಕ್ಕುತ್ತದೆ. ಕಂಪನಿಯ ಪ್ಯಾಡೇ ಹಾಕಿಸಿ. ಕ್ಲಿಪ್ಪುಗಳನ್ನು ಒಟ್ಟಿಗೇ ಬದಲಿಸಿ, ಏಕೆಂದರೆ ಒಂದು ಮುರಿದಿದ್ದರೆ ಉಳಿದವುಗಳಿಗೂ ಅಷ್ಟೇ ವಯಸ್ಸಾಗಿರುತ್ತದೆ. ಹಳೆಯದನ್ನು ಕೀಳುವಾಗ ತುಂಡು ಎಂಜಿನ್ ಸಂದಿಗೆ ಬೀಳದಂತೆ ಕೆಳಗೆ ಒಂದು ಹಳೇ ಬೆಡ್‌ಶೀಟ್ ಹಾಸಿಕೊಳ್ಳಿ.