ಹೆಸರಿಗೆ ಜಾಗ ಬಿಟ್ಟು ಕಟ್ಟಿದ ಹಾಡು

ಕೋವಿಡ್ ಎರಡನೇ ಅಲೆಯಲ್ಲಿ ಹೋದವರಿಗಾಗಿ ನಾನು ಎರಡು ಹಾಡು ಕಟ್ಟಿದೆ. ಒಂದು ಜೊತೆಗೆ ಕೂತು ಅಳೋದಕ್ಕೆ. ಇನ್ನೊಂದು, ಏನಾಯಿತು ಅನ್ನೋದನ್ನ ಮರೆಯದೆ ಇಟ್ಟುಕೊಳ್ಳೋದಕ್ಕೆ. ಈ ಎರಡೂ ಕೆಲಸ ಒಂದೇ ಹಾಡಿನಲ್ಲಿ ಆಗೋದಿಲ್ಲ ಅನ್ನೋದು ನನ್ನ ಅನುಭವ. ಹೇಗೆ ಕಟ್ಟಿದೆ ಅಂತ ಒಂದಿಷ್ಟು ಜನ ಕೇಳಿದ್ದಾರೆ. ತಮ್ಮ ಊರಲ್ಲೋ ಬಡಾವಣೆಯಲ್ಲೋ ಇಂಥದ್ದೇನಾದರೂ ಮಾಡಬೇಕು ಅಂದುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಪಶ್ಚಿಮದ ಕಡೆ, ಸುಮನಹಳ್ಳಿಗೆ ಹತ್ತಿರ ಇರುವವನು. ಸುಗಮ ಸಂಗೀತ ಹೇಳಿಕೊಡುತ್ತೇನೆ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಸುಮನಹಳ್ಳಿ ಚಿತಾಗಾರದ ರಸ್ತೆಯಲ್ಲಿ ಆಂಬುಲೆನ್ಸ್‌ಗಳು ಸಾಲು ನಿಂತಿದ್ದನ್ನ ನೋಡಿದವರು ಈ ಕಡೆ ಬಹಳ ಜನ ಇದ್ದಾರೆ. ನಗರದ ಚಿತಾಗಾರಗಳು ಸಾಲದೆ ತಾವರೆಕೆರೆ ಹತ್ತಿರ ಗಿಡ್ಡೇನಹಳ್ಳಿಯ ಕಲ್ಲು ಕ್ವಾರಿಯಲ್ಲಿ ಬಯಲಲ್ಲೇ ಸುಡಬೇಕಾಯಿತು. ಚಾಮರಾಜಪೇಟೆಯ ಚಿತಾಗಾರದ ಮುಂದೆ 'ಹೌಸ್‌ಫುಲ್' ಅಂತ ಬೋರ್ಡ್ ಹಾಕಿದ್ದು ಪೇಪರಿನಲ್ಲಿ ಬಂತು. ಏಪ್ರಿಲ್ ಕೊನೆಯಿಂದ ಕರ್ಫ್ಯೂ. ಅಂತ್ಯಕ್ರಿಯೆಗೆ ಐದೇ ಜನ ಅಂತ ನಿಯಮ. ಎಷ್ಟೋ ಮನೆಯವರಿಗೆ ಆ ಐದರಲ್ಲಿ ಒಬ್ಬರಾಗೋದಕ್ಕೂ ಆಗಲಿಲ್ಲ, ಅವರೇ ಬೇರೆ ಆಸ್ಪತ್ರೆಯಲ್ಲಿ ಮಲಗಿದ್ದರು.

ಆಗ ನನ್ನನ್ನ ಜಾಸ್ತಿ ಕಾಡಿದ್ದು ಒಂದು ವಿಷಯ. ನಮ್ಮ ಕಡೆ ಸಾವಿನ ಮನೆಯಲ್ಲಿ ಭಜನೆ ಇರುತ್ತದೆ. ಹೆಣ ಇಟ್ಟ ರಾತ್ರಿ ಊರಿನ ಭಜನೆ ಮೇಳದವರು ಹಾರ್ಮೋನಿಯಂ, ತಬಲಾ, ತಾಳ ಹಿಡಿದು ಬಂದು ಕೂರುತ್ತಾರೆ. ಬೆಳಗಿನ ತನಕ ತತ್ವಪದ ಹಾಡುತ್ತಾರೆ. ಮಧ್ಯೆ ಮಧ್ಯೆ ಯಾರೋ ಟೀ ತರುತ್ತಾರೆ, ಯಾರೋ ಜೋರಾಗಿ ಅಳುತ್ತಾರೆ, ಪದ ನಿಲ್ಲೋದಿಲ್ಲ. ಮಾರನೇ ದಿನ ತಮಟೆ ಮುಂದೆ ಹೋಗುತ್ತದೆ. ಆ ರಾತ್ರಿ ಹಾಡುವವರಲ್ಲಿ ಎಷ್ಟೋ ಜನರಿಗೆ ಶ್ರುತಿ ಸರಿಯಾಗಿ ನಿಲ್ಲೋದಿಲ್ಲ. ಆದರೂ ಆ ಮನೆಗೆ ಅವರು ಬೇಕು. ಆ ಎರಡು ತಿಂಗಳು ಈ ಊರಲ್ಲಿ ಸತ್ತವರಿಗೆ ಒಂದು ಪದವೂ ಸಿಗಲಿಲ್ಲ. ಜಿಪ್ ಹಾಕಿದ ಚೀಲ, ಒಂದು ಟೋಕನ್, ಆಮೇಲೆ ಚೀಟಿ ಅಂಟಿಸಿದ ಮಡಿಕೆ. ಎಷ್ಟೋ ಮಡಿಕೆಗಳನ್ನ ತಗೊಳ್ಳೋಕೆ ಯಾರೂ ಬರಲಿಲ್ಲ. ಜೂನ್ ಮೊದಲ ವಾರದಲ್ಲಿ ಅಂಥ ಐನೂರಕ್ಕೂ ಹೆಚ್ಚು ಜನರ ಚಿತಾಭಸ್ಮವನ್ನ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟಿತು.

ಹಾಡಬೇಕಾಗಿದ್ದ ಆ ರಾತ್ರಿಗಳನ್ನ ತಡವಾಗಿಯಾದರೂ ಮಾಡಬೇಕು ಅನ್ನಿಸಿತು. 2022ರ ಮೇ ತಿಂಗಳಲ್ಲಿ, ಬಡಾವಣೆಯ ಸಮುದಾಯ ಭವನದಲ್ಲಿ, ಮನೆಯವರನ್ನ ಕಳೆದುಕೊಂಡವರೆಲ್ಲ ಸೇರೋಣ ಅಂತ ನಾಲ್ಕಾರು ಮನೆಯವರು ಮಾತಾಡಿಕೊಂಡೆವು. ನನ್ನ ಪಾಲಿಗೆ ಬಂದಿದ್ದು ಹಾಡು.

ಬರೆಯೋ ಮುಂಚೆ ಮನೆ ಮನೆಗೆ ಹೋಗಿ ಸುಮ್ನೆ ಕೂತೆ. ಏನು ಬರೀಬೇಕು ಅಂತ ಯಾರನ್ನೂ ಕೇಳಲಿಲ್ಲ. ಹೋದವರು ಹೇಗಿದ್ದರು ಅಂತ ಮಾತ್ರ ಕೇಳಿದೆ. ನಮ್ಮ ಬೀದಿ ಕೊನೆ ಮನೆಯ ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೇಷ್ಟ್ರೇ, ಅವರಿಗೆ ಕಾಫಿ ಸ್ವಲ್ಪ ಆರಿದ್ರೂ ಆಗ್ತಿರ್ಲಿಲ್ಲ. ಲೋಟ ಇಟ್ಟ ಸದ್ದಿಗೇ ಎದ್ದು ಬರೋರು" ಅಂದರು. ಮೂಲೆಯ ಕುರ್ಚಿ ಮೇಲೆ ಒಂದು ಶಾಲು ಇತ್ತು. ಆಸ್ಪತ್ರೆಗೆ ಹೊರಡೋವಾಗ ಸೆಕೆ ಅಂತ ತೆಗೆದು ಹಾಕಿದ್ದಂತೆ. ಒಂದು ವರ್ಷ ಆಗಿತ್ತು, ಅದನ್ನ ಯಾರೂ ಮುಟ್ಟಿರಲಿಲ್ಲ. ಮೊದಲ ಚರಣ ಅಲ್ಲೇ ಸಿಕ್ಕಿತು. ಅವರ ಒಪ್ಪಿಗೆ ಕೇಳಿಯೇ ಬಳಸಿದೆ:

ಕಾಫಿ ಆರೋ ಮುಂಚೆ ಬರ್ತಿದ್ರಿ ನೀವು
ಲೋಟ ತೊಳೆದಿಟ್ಟೀನಿ ಬಿಸಿಲಿಗೆ
ಮೂಲೆ ಕುರ್ಚಿ ಮೇಲೆ ನಿಮ್ಮ ಶಾಲು ಹಂಗೇ
ಮಡಚೋಕೆ ಕೈ ಬರ್ಲಿಲ್ಲ ಈವರೆಗೆ

ಇಂಥ ಹಾಡು ಬರೆಯುವಾಗ ಕೈಗೆ ತಾನಾಗಿ ಬರೋ ಮಾತುಗಳಿವೆ. ಕಂಬನಿ, ವಿಧಿ, ಅಮರ, ಬಾಡಿದ ಹೂವು. ಅವನ್ನೆಲ್ಲ ದೂರ ಇಟ್ಟೆ. ಆ ಮಾತುಗಳು ಯಾರ ಮನೆಗೂ ಸೇರಿದ್ದಲ್ಲ. ಒಂದು ಶಾಲು ಅಂದರೆ ಸಾಕು, ಕೇಳಿದವರಿಗೆ ತಮ್ಮ ಮನೆಯ ಚಪ್ಪಲಿ, ಕನ್ನಡಕ, ಬೀಗದ ಕೈ ಕಣ್ಣಿಗೆ ಬರುತ್ತದೆ.

ಇನ್ನು ರಾಗ. ದುಃಖ ಅಂದ ಕೂಡಲೇ ಎಲ್ಲರೂ ಶಿವರಂಜನಿ ಹಿಡಿಯುತ್ತಾರೆ. ಅದು ಒಳ್ಳೆಯ ರಾಗವೇ. ಆದರೆ ಸಿನಿಮಾದಲ್ಲಿ ಕೇಳಿ ಕೇಳಿ, ಮೊದಲ ಸಾಲಿಗೇ 'ಈಗ ಅಳಬೇಕು' ಅಂತ ಹೇಳಿದ ಹಾಗಿರುತ್ತದೆ. ಕಳೆದುಕೊಂಡವರಿಗೆ ಅದನ್ನ ಹೇಳಿಕೊಡೋದು ಬೇಡ. ಅವರಿಗೆ ಕೂತು ಉಸಿರಾಡೋಕೆ ಒಂದು ಜಾಗ ಬೇಕು. ಅದಕ್ಕೆ ಮೋಹನ ತಗೊಂಡೆ. ಮೋಹನಕ್ಕೂ ಶಿವರಂಜನಿಗೂ ಇರೋ ವ್ಯತ್ಯಾಸ ಒಂದೇ ಸ್ವರ. ಸ ರಿ ಗ ಪ ದ, ಎರಡಕ್ಕೂ ಅವೇ ಐದು. ಬೇರೆಯಾಗೋದು 'ಗ', ಅಂದರೆ ಗಾಂಧಾರ ಮಾತ್ರ. ಮೋಹನದಲ್ಲಿ ಅಂತರ ಗಾಂಧಾರ, ಶಿವರಂಜನಿಯಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸಾಧಾರಣ ಗಾಂಧಾರ. ಇಡೀ ಹಾಡು ಮೋಹನದಲ್ಲಿ ನಿಧಾನವಾಗಿ ಹೋಗುತ್ತದೆ. 'ಕೈ ಬರ್ಲಿಲ್ಲ' ಅನ್ನೋ ಕಡೆ ಮಾತ್ರ ಗಾಂಧಾರ ಒಂದು ಮೆಟ್ಟಿಲು ಇಳಿಯುತ್ತದೆ. ಮುಂದಿನ ಸಾಲಿಗೆ ಮತ್ತೆ ಮೇಲೆ ಬರುತ್ತದೆ. ಸಂಗೀತ ಗೊತ್ತಿಲ್ಲದವರೂ ಆ ಜಾಗದಲ್ಲಿ ತಲೆ ತಗ್ಗಿಸಿದ್ದನ್ನ ನೋಡಿದ್ದೇನೆ.

ಹಾಡುವವರು ಯಾರು ಅನ್ನೋದನ್ನ ಮನಸ್ಸಿನಲ್ಲಿ ಇಟ್ಟುಕೊಂಡೇ ಧಾಟಿ ಮಾಡಬೇಕು. ಅಳು ಬಂದಾಗ ಗಂಟಲು ಬಿಗಿಯುತ್ತದೆ, ಉಸಿರು ತುಂಡಾಗುತ್ತದೆ. ಮೇಲಿನ ಷಡ್ಜ, ಅಂದರೆ ಮೇಲಿನ 'ಸ', ಹತ್ತೋ ಮಾತೇ ಇಲ್ಲ. ಹಾಗಾಗಿ ಕೆಳಗೆ ಮಂದ್ರದ ಧೈವತ (ಕೆಳಗಿನ 'ದ'), ಮೇಲೆ ಪಂಚಮ ('ಪ'), ಅದರೊಳಗೇ ಹಾಡು ಮುಗಿಸಿದೆ. ಒಂದೊಂದು ಸಾಲೂ ಅರ್ಧ ಉಸಿರಿಗೆ ಮುಗಿಯಬೇಕು. ಎಳೆಯೋ ಸ್ವರ ಇಲ್ಲ, ಗಮಕದ ಕಸರತ್ತು ಇಲ್ಲ. ಪ್ರಾಸಕ್ಕೂ ಜಾಸ್ತಿ ಒದ್ದಾಡಲಿಲ್ಲ. ಸೊಲ್ಲನ್ನ, ಅಂದರೆ ಮತ್ತೆ ಮತ್ತೆ ಬರೋ ಸಾಲನ್ನ, ಭಜನೆಯ ಥರ ಇಟ್ಟೆ. ಒಬ್ಬರು ಹೇಳೋದು, ಎಲ್ಲರೂ ಅದನ್ನೇ ತಿರುಗಿ ಹೇಳೋದು. ಇದರಿಂದ ಒಂದು ದೊಡ್ಡ ಅನುಕೂಲ ಇದೆ. ಯಾರಿಗಾದರೂ ಸಾಲಿನ ಮಧ್ಯೆ ದನಿ ನಿಂತುಹೋದರೆ ಪಕ್ಕದವರು ಎತ್ತಿಕೊಳ್ಳುತ್ತಾರೆ. ಹಾಡು ಕೆಳಗೆ ಬೀಳೋದಿಲ್ಲ. ಒಬ್ಬರೇ ವೇದಿಕೆ ಮೇಲೆ ನಿಂತು ಮೈಕಿನಲ್ಲಿ ಹಾಡಿ, ಉಳಿದವರು ಕುರ್ಚಿಯಲ್ಲಿ ಕೂತು ಕೇಳೋದನ್ನ ನಾನು ಒಪ್ಪಲಿಲ್ಲ. ಎಲ್ಲರೂ ಜಮಖಾನದ ಮೇಲೆ ದುಂಡಗೆ ಕೂರಬೇಕು ಅಂದೆ.

ಆ ಸೊಲ್ಲು ಇದು:

ಬಾಗಿಲು ತೆಗೆದೇ ಐತೆ, ದೀಪ ಹಚ್ಚೇ ಐತೆ
ಹೆಸರು ಹಿಡಿದು ಕರೀತೀವಿ, ಕೂತು ಕೇಳಿರಿ

ಪ್ರತಿ ಚರಣ ಆದಮೇಲೆ ತಬಲಾ ನಿಲ್ಲುತ್ತದೆ. ಹಾರ್ಮೋನಿಯಂನಲ್ಲಿ ಷಡ್ಜ, ಪಂಚಮ ಮಾತ್ರ ಉಳಿಯುತ್ತದೆ. ಆಗ ಯಾರಾದರೂ ಒಂದು ಹೆಸರು ಹೇಳುತ್ತಾರೆ. ಮೊದಲು ಇದನ್ನ ತಾಳದೊಳಗೇ ಇಡೋ ಯೋಚನೆ ಬಂದಿತ್ತು, ಎಂಟು ಮಾತ್ರೆ ಖಾಲಿ ಬಿಟ್ಟು. ಆದರೆ ತೀರಿಹೋದವರ ಹೆಸರನ್ನ ಎಣಿಸಿದ ಎಂಟು ಮಾತ್ರೆಯಲ್ಲಿ ಹೇಳಿ ಮುಗಿಸಿ ಅಂತ ಯಾರಿಗಾದರೂ ಹೇಳೋಕಾಗುತ್ತಾ? ತಾಳವೇ ಕಾಯಬೇಕು. ಒಬ್ಬರು ಹೆಸರು ಹೇಳಿ ಸುಮ್ಮನಾಗುತ್ತಾರೆ. ಇನ್ನೊಬ್ಬರು 'ಅಮ್ಮ' ಅಂತಷ್ಟೇ ಅನ್ನುತ್ತಾರೆ. ಮತ್ತೊಬ್ಬರು ಹೆಸರು, ಊರು, ಕೆಲಸ, ಎಷ್ಟು ಮೊಮ್ಮಕ್ಕಳು ಎಲ್ಲ ಹೇಳುತ್ತಾರೆ. ಅವರು ಕಣ್ಣೆತ್ತಿ ನೋಡೋ ತನಕ ಹಾರ್ಮೋನಿಯಂ ನುಡಿಸುವವರು ಮುಂದಕ್ಕೆ ಹೋಗೋ ಹಾಗಿಲ್ಲ. ಇದನ್ನ ಮಾಡೋದಾದರೆ ಆ ವಾದ್ಯದ ಮುಂದೆ ಕೈಚಳಕ ಇರುವವರಿಗಿಂತ ತಾಳ್ಮೆ ಇರುವವರನ್ನ ಕೂರಿಸಿ.

ಸತ್ತವರ ಹೆಸರು ಉಳಿಸೋದು ಈ ಊರಿಗೆ ಹೊಸದೇನಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಒಂದು ಕನ್ನಡ ಶಾಸನ ಇದೆ. ಬೆಂಗಳೂರಿನ ಕಾಳಗದಲ್ಲಿ ಬುಟ್ಟಣಸೆಟ್ಟಿ ಅನ್ನೋನು ಸತ್ತ ಅಂತ ಅದರಲ್ಲಿ ಕೆತ್ತಿದ್ದಾರೆ. ಬೆಂಗಳೂರು ಅನ್ನೋ ಹೆಸರು ನಮಗೆ ಸಿಗೋ ಹಳೆಯ ಬರಹ ಅದೇ. ಒಬ್ಬನ ಸಾವಿನ ಸುದ್ದಿಯ ಜೊತೆಗೇ ಊರಿನ ಹೆಸರೂ ಉಳಿದಿದೆ. ನಾನು ಹುಡುಗರನ್ನ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದ್ದೇನೆ.

ಎರಡನೇ ಹಾಡು ಹುಟ್ಟಿದ್ದು ಒಬ್ಬ ಹುಡುಗಿಯ ಮಾತಿನಿಂದ. ನನ್ನ ಹಳೆಯ ವಿದ್ಯಾರ್ಥಿನಿ. ಅವಳ ತಂದೆಗೆ ಬೆಡ್ ಸಿಗೋದು ತಡವಾಗಿತ್ತು. ಅಭ್ಯಾಸದ ದಿನ ಪೂರ್ತಿ ಹಾಡಿ, ಆಮೇಲೆ ಹತ್ತಿರ ಬಂದು, "ಸರ್, ಹಾಡು ಚೆನ್ನಾಗಿದೆ. ಆದ್ರೆ ನಮ್ಮಪ್ಪ ಸುಮ್ನೆ ಹೋಗಿಬಿಡ್ಲಿಲ್ಲ ಅಲ್ವಾ? ಅದು ಇದ್ರಲ್ಲಿ ಎಲ್ಲಿದೆ?" ಅಂದಳು. ಅವಳ ಪ್ರಶ್ನೆ ಸರಿಯಾಗಿತ್ತು. ಸಮಾಧಾನ ಮಾತ್ರ ಹೇಳಿದರೆ ಅದು ಬಾಯಿ ಮುಚ್ಚಿಸೋ ಕೆಲಸವೂ ಆಗಿಬಿಡಬಹುದು. ಆದರೆ ಅವಳ ಸಿಟ್ಟನ್ನ ಆ ಮೋಹನದ ಹಾಡಿನೊಳಗೆ ತುರುಕಿದರೆ ಶಾಲಿನ ಮುಂದೆ ಕೂತ ಅಕ್ಕನಿಗೆ ಜಾಗ ಇರೋದಿಲ್ಲ. ಸಿಟ್ಟಿಗೆ ಅದರದೇ ಹಾಡು ಬೇಕಿತ್ತು.

ಅದಕ್ಕೆ ಲಾವಣಿಯೇ ಸರಿ. ಹತ್ತನೇ ಕ್ಲಾಸಿನಲ್ಲಿ ಹಲಗಲಿ ಬೇಡರ ಲಾವಣಿ ಓದಿದವರಿಗೆ ನೆನಪಿರುತ್ತದೆ. 1857ರಲ್ಲಿ ಬ್ರಿಟಿಷರು ಆ ಊರನ್ನ ಹಾಳು ಮಾಡಿದ ಕತೆ. ಹೋರಾಡಿದವರ ಹೆಸರು ಅದರಲ್ಲಿವೆ. ಜೊತೆಗೆ, ದಂಡಿನವರು ಏನೇನು ಕೊಳ್ಳೆ ಹೊಡೆದರು ಅನ್ನೋ ಪಟ್ಟಿ ಇದೆ. ಉಪ್ಪು, ಎಣ್ಣೆ, ಅರಿಶಿನದ ತನಕ. ಎಷ್ಟು ನೋವಾಯಿತು ಅಂತ ಹೇಳೋ ಅಗತ್ಯವೇ ಬಿದ್ದಿಲ್ಲ. ಉತ್ತರ ಕರ್ನಾಟಕದ ಮೊಹರಂ ಪದಗಳೂ ಅಷ್ಟೇ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಇಮಾಮ್ ಹುಸೇನರಿಗೂ ಅವರ ಜೊತೆಯವರಿಗೂ ಬಂದ ಸಾವನ್ನ ನಮ್ಮ ಹಳ್ಳಿಗಳಲ್ಲಿ ಹಿಂದೂಗಳು, ಮುಸ್ಲಿಮರು ಸೇರಿ ಇವತ್ತಿಗೂ ಕನ್ನಡದಲ್ಲಿ ಹಾಡುತ್ತಾರೆ. ನೀರಿಲ್ಲದೆ ಬಾಯಾರಿದ ಮಕ್ಕಳ ಸಂಗತಿ ಅದರಲ್ಲಿ ಬಂದೇ ಬರುತ್ತದೆ. ಇಷ್ಟು ದೂರ, ಇಷ್ಟು ಕಾಲ ಅದು ಉಳಿದು ಬಂದಿರೋದು ಅಂಥ ವಿವರಗಳಿಂದಲೇ ಅಂತ ನಾನು ನಂಬಿದ್ದೇನೆ.

ನನಗೆ ಲಾವಣಿ ಹಾಡೋಕೆ ಬರೋದಿಲ್ಲ. ಬಾಗಲಕೋಟೆ ಕಡೆಯ ಗೆಳೆಯ ಒಬ್ಬ ಲಗ್ಗೆರೆಯಲ್ಲಿದ್ದಾನೆ, ದಪ್ಪು ಹಿಡಿದರೆ ದನಿ ಬೀದಿ ಕೊನೆಗೆ ಕೇಳಬೇಕು. ಇಬ್ಬರೂ ಕೂತು ಆ ದಿನಗಳ ಪಟ್ಟಿ ಮಾಡಿದೆವು. ಬಿಯು ನಂಬರ್, ಬೆರಳಿಗೆ ಹಾಕೋ ಆಕ್ಸಿಮೀಟರ್, ರೆಮ್ಡಿಸಿವಿರ್ ಇಂಜೆಕ್ಷನ್, ಆಕ್ಸಿಜನ್ ಸಿಲಿಂಡರ್, ಚಿತಾಗಾರದ ಟೋಕನ್. ಬೆಂಗಳೂರಿನಲ್ಲಿ ಆಗ ಸರ್ಕಾರಿ ಕೋಟಾದ ಬೆಡ್ ಬೇಕಂದರೆ, ಸೋಂಕು ಖಚಿತವಾದವರಿಗೆ ಕೊಡುತ್ತಿದ್ದ ಈ ಬಿಯು ನಂಬರ್ ಬರಬೇಕಿತ್ತು. ಈಗಿನ ಮಕ್ಕಳಿಗೆ ಅದು ಏನಂತಲೇ ಗೊತ್ತಿಲ್ಲ. ಅವನ ನುಡಿಯಲ್ಲೇ ಸಾಲು ಬಂತು:

ಬಿಯು ನಂಬರ್ ಬಂತೇನಣ್ಣ, ಬೆಡ್ ಒಂದು ಸಿಕ್ಕಿತೇನ?
ಬೆರಳಿನ ಮಿಷಿನ್ ಎಪ್ಪತ್ತೆಂಟಕ್ಕ ಇಳದೈತಿ ನೋಡೀಯೇನ?
ಸಿಲಿಂಡರ್ ಹುಡುಕಿ ಹ್ವಾದ ಮಗ ಪೀಣ್ಯಾದಾಗ ನಿಂತಾನ
ತಿರುಗಿ ಬಂದು ಟೋಕನ್ ಹಿಡದು ಸುಡಗಾಡಾಗ ಕುಂತಾನ

ಚಾಮರಾಜನಗರದ ಬಗ್ಗೆಯೂ ಲಾವಣಿಯಲ್ಲಿ ಒಂದು ಚರಣ ಇದೆ. 2021ರ ಮೇ 2, 3ರಂದು ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಜನ ತೀರಿಹೋದರು. ತಾರೀಖನ್ನೂ ಸಂಖ್ಯೆಯನ್ನೂ ಹಾಗೇ ಇಟ್ಟೆವು. ಬೈಗುಳ ಒಂದೂ ಇಲ್ಲ. ಪರಿಶೀಲಿಸೋಕಾಗದ ಮಾತು ಬೇಡ ಅಂತ ಇಬ್ಬರೂ ಹಟ ಹಿಡಿದಿದ್ದೆವು. ಸತ್ತವರ ಲೆಕ್ಕದ ಬಗ್ಗೆಯೇ ದೇಶದಲ್ಲಿ ಜಗಳ ಇದೆ. ಸರ್ಕಾರದ ಲೆಕ್ಕ ಐದು ಲಕ್ಷ ಚಿಲ್ಲರೆ. 2020, 2021 ಎರಡು ವರ್ಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದ್ದು 47 ಲಕ್ಷ, ಸರ್ಕಾರ ಅದನ್ನ ಒಪ್ಪಲಿಲ್ಲ. ಲಾವಣಿಯಲ್ಲಿ ಎರಡೂ ಲೆಕ್ಕ ಬರುತ್ತವೆ, ಪಕ್ಕ ಪಕ್ಕ.

ಹಾಡೋ ಕ್ರಮದ ಬಗ್ಗೆ ಒಂದು ಮಾತು. ಲಾವಣಿ ಮೊದಲು, ಹೆಸರಿನ ಹಾಡು ಆಮೇಲೆ. ತಿರುಗಾಮುರುಗಾ ಮಾಡಬೇಡಿ. ಹೆಸರು ಹೇಳಿ ಅತ್ತು ಸುಸ್ತಾದವರನ್ನ ಮತ್ತೆ ಆಸ್ಪತ್ರೆ ಬಾಗಿಲಿಗೆ ಕರೆದುಕೊಂಡು ಹೋಗೋದು ಕ್ರೂರ. ದಪ್ಪಿನ ಸದ್ದಿಗೆ ಮೈ ಬಿಸಿಯಾಗುತ್ತದೆ, ಸಿಟ್ಟು ಆಚೆಗೆ ಬರುತ್ತದೆ, ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ಹಾರ್ಮೋನಿಯಂ ಶುರುವಾದಾಗ ಅಪರಿಚಿತರ ನಡುವೆ ಕೂತ ಹಾಗೆ ಅನ್ನಿಸೋದಿಲ್ಲ. ಕೊನೆಗೆ ಊಟ ಇರಲೇಬೇಕು. ಅನ್ನ, ಸಾರು, ಮಜ್ಜಿಗೆ ಸಾಕು. ಹಾಡಿದ ತಕ್ಷಣ ಯಾರನ್ನೂ ಒಂಟಿಯಾಗಿ ಮನೆಗೆ ಕಳಿಸಬಾರದು. ಹಾಡಿನಿಂದ ಎಲ್ಲ ವಾಸಿಯಾಗುತ್ತದೆ ಅಂತ ನಾನು ಹೇಳೋದಿಲ್ಲ. ನಿದ್ದೆ ಬಾರದೆ, ಊಟ ಸೇರದೆ ಇರುವವರನ್ನ ನಿಮ್ಹಾನ್ಸ್‌ಗೆ ಹೋಗಿ ಅಂತ ನಾವೇ ಜೊತೆಗೆ ಹೋಗಿ ಬಿಟ್ಟು ಬಂದಿದ್ದೂ ಉಂಟು.

ರೆಕಾರ್ಡಿಂಗ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಲಾವಣಿಯನ್ನ ಯಾರು ಬೇಕಾದರೂ ಮೊಬೈಲಿನಲ್ಲಿ ಹಿಡಿಯಬಹುದು, ಹಂಚಬಹುದು. ಅದು ಊರೆಲ್ಲ ಕೇಳಬೇಕಾದದ್ದು. ಹೆಸರಿನ ಹಾಡು ನಡೆಯುವಾಗ ಮೊಬೈಲ್ ಎಲ್ಲ ಒಂದು ಚೀಲಕ್ಕೆ ಹೋಗುತ್ತದೆ. ಅಲ್ಲಿ ಒಬ್ಬರ ದನಿ ನಡುಗಿದ್ದು ನಾಳೆ ಇನ್ಯಾರದೋ ಸ್ಟೇಟಸ್ ಆಗಬಾರದು.

ಈಗ ಬೇರೆ ಊರಿನ ಭಜನೆ ಮೇಳದವರೂ ಈ ಹಾಡುಗಳನ್ನ ಕೇಳಿ ಪಡೆದುಕೊಂಡು ಹೋಗುತ್ತಿದ್ದಾರೆ. ಕೋಲಾರದ ಕಡೆಯವರು ಕಾಫಿ ತೆಗೆದು ಮುದ್ದೆ ಹಾಕಿಕೊಂಡಿದ್ದಾರೆ, ಶಾಲಿನ ಜಾಗದಲ್ಲಿ ಟವಲ್ ಬಂದಿದೆ. ಬಹಳ ಸಂತೋಷ. ಅವರವರ ಮನೆಯ ಸಾಮಾನು ಅವರವರ ಹಾಡಿನಲ್ಲಿರಬೇಕು. ರಾಗ ಬೇಕಾದರೂ ಬದಲಾಯಿಸಿಕೊಳ್ಳಲಿ. ಲಾವಣಿಯಲ್ಲಿ ಮಾತ್ರ ತಾರೀಖು, ಊರು, ಸಂಖ್ಯೆ ಮುಟ್ಟಬೇಡಿ ಅಂತ ತಗೊಂಡು ಹೋಗುವ ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತೇನೆ.