ಮೂರು ಸೆಂಟಿಮೀಟರ್ ರೈಫಲ್‌ಗೆ ಮರದ ಬಣ್ಣ, ಉಕ್ಕಿನ ಬಣ್ಣ

ಲೀ-ಎನ್‌ಫೀಲ್ಡ್ ನಂಬರ್ 1 ಮಾರ್ಕ್ 3 ರೈಫಲ್‌ನ ನಿಜವಾದ ಉದ್ದ 1132 ಮಿಲಿಮೀಟರ್. 1/35 ಅಳತೆಯ ಪುಟ್ಟ ಮಾಡೆಲ್‌ನಲ್ಲಿ, ಅಂದರೆ ನಿಜದ್ದನ್ನು ಮೂವತ್ತೈದು ಪಟ್ಟು ಚಿಕ್ಕದು ಮಾಡಿದಾಗ, ಅದು ಮೂರು ಸೆಂಟಿಮೀಟರ್‌ಗಿಂತ ಚೂರು ಜಾಸ್ತಿ, ಅಷ್ಟೇ. ನಾನು ಬಣ್ಣ ಹಚ್ಚಿದ್ದು ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಕಾದಾಡಿದ 4ನೇ ಭಾರತೀಯ ಡಿವಿಷನ್ನಿನ ಒಬ್ಬ ಸಿಪಾಯಿಯ ಗೊಂಬೆಗೆ, ಈ ರೈಫಲ್ ಅವನದು. ಈ ರೈಫಲ್ ನಮ್ಮ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲೂ ತಯಾರಾಗುತ್ತಿತ್ತು. ಇದರ ನಳಿಗೆಯ ತುದಿಯವರೆಗೂ ಮರದ ಹೊದಿಕೆ ಇದೆ. ಹಾಗಾಗಿ ಮರ ಸರಿಯಾಗಿ ಬಂದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಮರವನ್ನೇ ಮೊದಲು ಮುಗಿಸುತ್ತೇನೆ. ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಮೊದಲು ಕೊಡುವ ತಳದ ಪದರ, ಆದಮೇಲೆ ಮರದ ಭಾಗಕ್ಕೆಲ್ಲ ತಿಳಿ ಮರಳು ಬಣ್ಣದ ಆಕ್ರಿಲಿಕ್, ಮ್ಯಾಟ್ ಅಂದರೆ ಹೊಳಪಿಲ್ಲದಂಥದ್ದು. ನೋಡಲು ತೀರಾ ತಿಳಿ ಅನ್ನಿಸುತ್ತದೆ, ಇರಲಿ ಬಿಡಿ. ಅದು ಪೂರ್ತಿ ಒಣಗಿದ ಮೇಲೆ ಬರ್ಂಟ್ ಸಿಯೆನ್ನಾ (ಕೆಂಪು ಕಂದು), ಬರ್ಂಟ್ ಅಂಬರ್ (ಗಾಢ ಕಂದು) ಎರಡೂ ಆಯಿಲ್ ಬಣ್ಣಗಳನ್ನು ಒಂದು ರಟ್ಟಿನ ತುಂಡಿನ ಮೇಲೆ ಹಿಂಡಿ ಸ್ವಲ್ಪ ಹೊತ್ತು ಬಿಡುತ್ತೇನೆ, ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ, ಇಲ್ಲದಿದ್ದರೆ ಬಣ್ಣ ಒಣಗುವುದೇ ಇಲ್ಲ. ಆ ಬಣ್ಣವನ್ನು ತೆಳ್ಳಗೆ ಹಚ್ಚಿ, ಕೆಲವು ನಿಮಿಷ ಬಿಟ್ಟು, ಒಣ ಬ್ರಷ್‌ನಿಂದ ರೈಫಲ್‌ನ ಉದ್ದಕ್ಕೂ ಒಂದೇ ದಿಕ್ಕಿಗೆ ಎಳೆಯಬೇಕು. ಬ್ರಷ್‌ನ ಕೂದಲು ಬಿಟ್ಟುಹೋಗುವ ಸಣ್ಣ ಸಣ್ಣ ಎಳೆಗಳೇ ಮರದ ಎಳೆಗಳು.

ಇಲ್ಲಿ ಕೈ ಸುಮ್ನೆ ಇರುವುದಿಲ್ಲ, ತೆಳು ಬ್ರಷ್ ಹಿಡಿದು ಒಂದೊಂದೇ ಗೆರೆ ಬಿಡಿಸೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ನೀವು ಎಳೆಯುವ 0.1 ಮಿಲಿಮೀಟರ್ ಗೆರೆ ನಿಜವಾದ ರೈಫಲ್‌ನಲ್ಲಿ ಮೂರೂವರೆ ಮಿಲಿಮೀಟರ್ ಅಗಲದ ಪಟ್ಟೆ ಆಗುತ್ತದೆ. ಅಂಥ ವಾಲ್ನಟ್ ಮರ ಎಲ್ಲಿದೆ? 1/6 ಅಳತೆಯ ದೊಡ್ಡ ಮಾಡೆಲ್ ಆದರೆ ಗೆರೆ ಬಿಡಿಸಿ, ಚೆನ್ನಾಗಿ ಕಾಣುತ್ತದೆ. ಸಣ್ಣದರಲ್ಲಿ ಬಣ್ಣದ ಏರಿಳಿತ ಇದ್ದರೆ ಸಾಕು.

ಆ ಏರಿಳಿತ ಎಲ್ಲಿ ಬರಬೇಕು ಅನ್ನುವುದೇ ನನಗೆ ತುಂಬಾ ಇಷ್ಟದ ಭಾಗ. ಈ ಮರಕ್ಕೆ ಅಗಸೆ ಎಣ್ಣೆ ತಿಕ್ಕುತ್ತಿದ್ದರು, ವರ್ಷ ಕಳೆದಂತೆ ಅದು ಕೆಂಪು ಕಂದಾಗಿ ಕಪ್ಪೇರುತ್ತಿತ್ತು. ಕೈ ಹಿಡಿಯುವ ಕಡೆ, ಅಂದರೆ ಟ್ರಿಗರ್ ಹಿಂದಿನ ಸಣ್ಣ ಕತ್ತಿನಲ್ಲಿ ಮತ್ತು ಎಡಗೈ ಕೂರುವ ಮುಂಭಾಗದಲ್ಲಿ, ಬೆವರು ಜಿಡ್ಡು ಸೇರಿ ಇನ್ನಷ್ಟು ಗಾಢ. ಅಲ್ಲಿಗೆ ಸ್ವಲ್ಪ ಅಂಬರ್ ಜಾಸ್ತಿ ಹಾಕುತ್ತೇನೆ. ಆಯಿಲ್ ಒಣಗಿದ ಮೇಲೆ ಸ್ಯಾಟಿನ್, ಅಂದರೆ ಅರೆಹೊಳಪಿನ, ವಾರ್ನಿಷ್.

ಆಮೇಲೆ ಉಕ್ಕು. ಬೆಳ್ಳಿ ಬಣ್ಣದ ಡಬ್ಬಿ ಮುಟ್ಟಲೇಬೇಡಿ, ಅದರೊಳಗಿನ ಲೋಹದ ಚೂರುಗಳು ಈ ಅಳತೆಗೆ ತುಂಬಾ ದೊಡ್ಡವು, ರೈಫಲ್ ಆಟಿಕೆಯಾಗಿಬಿಡುತ್ತದೆ. ಕಪ್ಪಿಗೆ ಗಾಢ ಬೂದು, ತುಸು ನೀಲಿ ಬೆರೆಸಿ ಹಚ್ಚಿ, ಅದರ ಮೇಲೂ ಸ್ಯಾಟಿನ್ ವಾರ್ನಿಷ್ ಕೊಟ್ಟು ಒಣಗಲು ಬಿಡಿ. ಇನ್ನು 6ಬಿ ಪೆನ್ಸಿಲ್ ಸಾಕು. ಅದರ ಸೀಸವನ್ನು ಉಜ್ಜುಕಾಗದಕ್ಕೆ ತಿಕ್ಕಿದರೆ ಪುಡಿ ಸಿಗುತ್ತದೆ, ಬೆರಳ ತುದಿಯಲ್ಲಿ ತೀರಾ ಕಡಿಮೆ ಪುಡಿ ತೆಗೆದುಕೊಂಡು ಬೋಲ್ಟ್‌ನ (ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಭಾಗ) ಗುಂಡಿ, ಮ್ಯಾಗಜೀನ್ ಅಂಚು, ಮೂತಿಯ ಕಟ್ಟು, ಇಷ್ಟಕ್ಕೆ ಮಾತ್ರ ಉಜ್ಜಿ. ನಿಜವಾದ ಉಕ್ಕಿನ ಹೊಳಪೇ ಬರುತ್ತದೆ, ಪ್ರತಿ ಸಲ ನೋಡಿದಾಗಲೂ ಖುಷಿಯಾಗುತ್ತದೆ. ಇದಾದ ಮೇಲೆ ವಾರ್ನಿಷ್ ಬೇಡ, ಹೊಳಪು ಸತ್ತುಹೋಗುತ್ತದೆ. ಮರ ಮೊದಲು ಅಂದಿದ್ದೂ ಇದಕ್ಕೇ, ಈ ಪುಡಿ ಹಸಿ ಆಯಿಲ್ ಬಣ್ಣಕ್ಕೆ ತಗುಲಿದರೆ ಮರ ಬೂದಿ ಬಣ್ಣಕ್ಕೆ ತಿರುಗುತ್ತದೆ.

ತುಕ್ಕು ಹಾಕುವವರಿದ್ದಾರೆ, ನಾನು ಹಾಕುವುದಿಲ್ಲ. ಈ ರೈಫಲ್‌ನ ಬಟ್ಟಿನೊಳಗೇ (ಹೆಗಲಿಗೆ ಒತ್ತುವ ಹಿಂಭಾಗ) ಎಣ್ಣೆ ಬಾಟಲಿ, ನಳಿಗೆ ಒರೆಸುವ ಹಗ್ಗ ಇಡಲು ಜಾಗ ಇತ್ತು. ಅಷ್ಟು ಜತನದಿಂದ ನೋಡಿಕೊಂಡ ಆಯುಧಕ್ಕೆ ತುಕ್ಕು ಯಾಕೆ ಬಳಿಯಬೇಕು? ಆ ಜಾಗವನ್ನು ಮುಚ್ಚುವ ಬಟ್ಟಿನ ತಟ್ಟೆ ಹಿತ್ತಾಳೆಯದು, ಉಕ್ಕಿನ ಬಣ್ಣ ಅಲ್ಲ, ತುಂಬಾ ಜನ ಇದನ್ನು ಗಮನಿಸುವುದಿಲ್ಲ. ಹಿತ್ತಾಳೆ ಬಣ್ಣಕ್ಕೆ ಕಂದು ಬೆರೆಸಿ ಮಂಕು ಮಾಡಿ. ಕೊನೆಗೆ ರೈಫಲ್ ಹೆಗಲಿಗೆ ನೇತುಹಾಕುವ ಖಾಕಿ ಪಟ್ಟಿ. ಅದು ಹತ್ತಿಯದು, ಹಾಗಾಗಿ ಪೂರ್ತಿ ಮ್ಯಾಟ್.