ಕಂದು ಕಾರ್ಪೆಟ್ಟಿನ ಮನೆಯನ್ನೇ ಕೊಂಡೆ: ರೆಡಿಂಗ್ ಪಕ್ಕದ ವುಡ್ಲಿಯಲ್ಲಿ ನನ್ನ ಅನುಭವ

"ಹೊಸ ಎಸ್ಟೇಟಿನಲ್ಲೇ ತಗೊಳ್ಳಿ, ಹತ್ತು ವರ್ಷ ವಾರಂಟಿ ಇರುತ್ತೆ" ಎಂದು ಹೇಳದವರು ಇಂಗ್ಲೆಂಡಿನ ರೆಡಿಂಗ್‌ನ ನಮ್ಮ ಕನ್ನಡ ಬಳಗದಲ್ಲಿ ಒಬ್ಬರೂ ಇರಲಿಲ್ಲ. ನಾನು ಹುಡುಕಿದ್ದು ಅದರ ತದ್ವಿರುದ್ಧ: 1930ರ ದಶಕದ ಮೂರು ಬೆಡ್‌ರೂಮಿನ ಸೆಮಿ (ಒಂದು ಬದಿ ಪಕ್ಕದ ಮನೆಗೆ ಅಂಟಿದ್ದು), ಯಜಮಾನರು ತೀರಿಕೊಂಡು ಮಕ್ಕಳು ಮಾರಾಟಕ್ಕಿಟ್ಟದ್ದು, ಕಂದು ಕಾರ್ಪೆಟ್ಟು, ಹಸಿರು ಬಾತ್‌ರೂಮು. ಹೇಳಿದ ಬೆಲೆ 4,75,000 ಪೌಂಡ್, ಮುಗಿದದ್ದು 4,40,000ಕ್ಕೆ. ಅದೇ ಬೀದಿಯಲ್ಲಿ ಅಡುಗೆಮನೆ ಹೊಸದು ಮಾಡಿಸಿದ ಅಂಥದ್ದೇ ಮನೆ 5,20,000ದ ಸುಮಾರಿಗೆ ಹೋಗಿತ್ತು. ಆ ವ್ಯತ್ಯಾಸದಲ್ಲಿ ಅರ್ಧವೂ ರಿಪೇರಿಗೆ ಖರ್ಚಾಗಲಿಲ್ಲ. ಈಗ ಅವರೇ ಬಂದು ಲೆಕ್ಕ ಕೇಳುತ್ತಾರೆ, ಆದ್ದರಿಂದ ಬರೆಯುತ್ತಿದ್ದೇನೆ.

ಹೊಸ ಎಸ್ಟೇಟು ಬಿಡಲು ಕಾರಣ ಒಂದೇ. ಹೆಸರಿಗೆ ಫ್ರೀಹೋಲ್ಡ್ (ಮನೆಯೂ ಜಾಗವೂ ನಮ್ಮದೇ), ಆದರೆ ಅನೇಕ ಕಡೆ ಒಳರಸ್ತೆ, ಹುಲ್ಲುಹಾಸನ್ನು ಕೌನ್ಸಿಲ್ ವಹಿಸಿಕೊಂಡಿರುವುದಿಲ್ಲ. ಮ್ಯಾನೇಜ್‌ಮೆಂಟ್ ಕಂಪನಿಗೆ ವರ್ಷವರ್ಷ ಕಟ್ಟಬೇಕು, ಕೌನ್ಸಿಲ್ ಟ್ಯಾಕ್ಸೂ ಕಟ್ಟಬೇಕು. ಏರಿಕೆಗೆ ಮಿತಿ ಇದೆಯೇ ಎಂದು ಕೇಳಿದರೆ ಮಾರಾಟ ಕಚೇರಿಯವರು ಕಾಫಿ ಕೊಡುತ್ತಾರೆ.

ಸುಲಭಕ್ಕೆ ಸಿಕ್ಕಿತೆಂದುಕೊಳ್ಳಬೇಡಿ, ಮೂರು ಮನೆ ಕೈತಪ್ಪಿದವು. ಮೊದಲನೆಯದರಲ್ಲಿ ಸರ್ವೆ (ಕಟ್ಟಡದ ತಪಾಸಣೆ), ಸರ್ಚ್ (ಕೌನ್ಸಿಲ್ ದಾಖಲೆಗಳ ಶೋಧ) ಎಲ್ಲ ಮುಗಿದ ಮೇಲೆ ಇನ್ನೊಬ್ಬರು ಹೆಚ್ಚು ಕೊಟ್ಟರು. ಎಕ್ಸ್‌ಚೇಂಜ್, ಅಂದರೆ ಸಹಿ ಮಾಡಿದ ಕರಾರುಗಳ ವಿನಿಮಯ ಆಗುವ ತನಕ ಇಲ್ಲಿ ಯಾರ ಮಾತಿಗೂ ಬೆಲೆಯಿಲ್ಲ. ನನ್ನ 1,800 ಪೌಂಡ್ ನೀರಿಗೆ ಹೋಯಿತು. ಎರಡನೆಯದಕ್ಕೆ ಸಾಲ ಕೊಡುವವರ ವ್ಯಾಲ್ಯುಯೇಷನ್ 15,000 ಕಡಿಮೆ ಬಂತು, ಮಾರುವವರು ಇಳಿಯಲಿಲ್ಲ. ಮೂರನೆಯದರ 'ನಾಲ್ಕನೇ ಬೆಡ್‌ರೂಮು' ಬಿಲ್ಡಿಂಗ್ ರೆಗ್ಯುಲೇಷನ್ ಪ್ರಮಾಣಪತ್ರವಿಲ್ಲದ ಅಟ್ಟ. ಇಂಡೆಮ್ನಿಟಿ ಪಾಲಿಸಿ ಕೊಡುತ್ತೇವೆ ಎಂದರು. ಆ ಪಾಲಿಸಿ ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ನಷ್ಟಕ್ಕೆ ಮಾತ್ರ. ತೊಲೆ ಸಣ್ಣದಾಗಿದ್ದರೆ ಅದು ನಮ್ಮ ತಲೆ ಮೇಲೇ. ಅಂಥ ಪಾಲಿಸಿ ಬೇಕೆಂದಿದ್ದರೆ ಮೊದಲೇ ಕೌನ್ಸಿಲ್‌ಗೆ ಫೋನ್ ಮಾಡಿ ವಿಚಾರಿಸಬೇಡಿ. ವಿಚಾರಿಸಿದಿರಿ ಎಂದರೆ ಪಾಲಿಸಿ ಸಿಗುವುದೇ ಕಷ್ಟ.

ನಾಲ್ಕನೆಯದಕ್ಕೆ ದಾರಿ ಬದಲಿಸಿದೆ. ಪ್ರೊಬೇಟ್ ಮನೆಯಲ್ಲಿ (ತೀರಿಕೊಂಡವರ ಮನೆ, ವಾರಸುದಾರರು ಮಾರುವುದು) ಮೇಲಿನ ಚೈನ್ ಇರುವುದಿಲ್ಲ, ಅಂದರೆ ಮಾರುವವರು ಇನ್ನೊಂದು ಮನೆ ಕೊಳ್ಳುವ ತನಕ ನಾವು ಕಾಯಬೇಕಿಲ್ಲ. ವಾರಸುದಾರರಿಗೆ ಕೊನೆಯ ಐದು ಸಾವಿರಕ್ಕಿಂತ ಕೆಲಸ ಮುಗಿಯುವುದು ಮುಖ್ಯ. ಏಜೆಂಟ್‌ಗೆ ಮೊದಲ ಪ್ರಶ್ನೆ: ಗ್ರಾಂಟ್ ಆಫ್ ಪ್ರೊಬೇಟ್ (ತೀರಿಕೊಂಡವರ ಆಸ್ತಿ ಮಾರಲು ಅಧಿಕಾರ ಕೊಡುವ ಕಾಗದ) ಕೈಗೆ ಬಂದಿದೆಯೇ? 'ಅರ್ಜಿ ಹಾಕಿದ್ದಾರೆ' ಎಂದರೆ ತಿಂಗಳುಗಟ್ಟಲೆ ಕಾಯಬೇಕಾದೀತು. ಆಫರ್ ಜೊತೆಗೇ ಮಾರ್ಟ್‌ಗೇಜ್ ಇನ್ ಪ್ರಿನ್ಸಿಪಲ್ (ಬ್ಯಾಂಕಿನ ಪ್ರಾಥಮಿಕ ಒಪ್ಪಿಗೆ), ಡಿಪಾಸಿಟ್ಟಿನ ಪುರಾವೆ, ಸಾಲಿಸಿಟರ್ (ವಕೀಲರ) ವಿವರ, ಎಕ್ಸ್‌ಚೇಂಜಿಗೆ ಒಂದು ತಾರೀಖು ಒಂದೇ ಹಾಳೆಯಲ್ಲಿ ಕೊಟ್ಟೆ; ಜಾಹೀರಾತು ತೆಗೆಯಬೇಕೆಂಬ ಷರತ್ತೂ ಹಾಕಿದೆ. ಮೊತ್ತ ಹೇಗೆ ನಿಗದಿ ಮಾಡಿದೆ, ವಾರದ ಯಾವ ದಿನ ಕಳಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಭಾವಮೈದ ಇನ್ನೂ ಮನೆ ಹುಡುಕುತ್ತಿದ್ದಾನೆ.

ಪ್ರೊಬೇಟ್ ಮನೆಯ ತೊಂದರೆ ಎಂದರೆ ಮಾರುವವರು ಮನೆಯ ಬಗ್ಗೆ ತುಂಬಿ ಕೊಡುವ ಟಿಎ6 ಫಾರ್ಮಿನಲ್ಲಿ ಎಲ್ಲದಕ್ಕೂ 'ಗೊತ್ತಿಲ್ಲ' ಎಂಬ ಉತ್ತರ. ಆದ್ದರಿಂದ ಸಾಧಾರಣ ಲೆವೆಲ್ 2 ಸರ್ವೆ ಸಾಲದು. ಇನ್ನೂ ಆಳವಾಗಿ ನೋಡುವ ಲೆವೆಲ್ 3 ಸರ್ವೆಗೆ 900, ಚರಂಡಿಗೆ ಕ್ಯಾಮೆರಾ ಬಿಡಿಸಲು 200, ವೈರಿಂಗ್ ವರದಿಗೆ 220 ಚಿಲ್ಲರೆ. ಚರಂಡಿಯ ಹಳೆಯ ಮಣ್ಣಿನ ಪೈಪಿನ ಒಂದು ಕೀಲಿನಲ್ಲಿ ಬೇರು ಹೊಕ್ಕಿತ್ತು; ವೈರಿಂಗ್ ಪೂರ್ತಿ ಬದಲಿಸುವಂತಿತ್ತು. ಕೊನೆಗೆ 6,000 ಇಳಿದದ್ದು ಆ ಎರಡು ಕಾಗದದಿಂದಲೇ, ಸುಮ್ಮನೆ ಚೌಕಾಸಿಯಿಂದಲ್ಲ. ಬಾತ್‌ರೂಮು ಎಷ್ಟು ಹಳತಾದರೂ ನಡೆಯುತ್ತದೆ, ಆದರೆ ನೀರು ಬರಬೇಕು. ಅಡುಗೆಮನೆ, ಬಾತ್‌ರೂಮು ಕಿತ್ತುಹಾಕಿದ ಮನೆಗೆ ಸಾಮಾನ್ಯವಾಗಿ ಮಾರ್ಟ್‌ಗೇಜ್ ಸಿಗುವುದಿಲ್ಲ.

ಇನ್ನೊಂದು: ಮನೆ ಕೊಂಡಾಗ ಒಡೆತನದ ನೋಂದಣಿ ಇಂಗ್ಲೆಂಡಿನಾದ್ಯಂತ ಕಡ್ಡಾಯವಾದದ್ದು 1990ರ ಡಿಸೆಂಬರಿನಲ್ಲಿ. ಅದಕ್ಕೂ ಎಷ್ಟೋ ಮೊದಲು ಕೊಂಡು ಅಲ್ಲೇ ಇದ್ದವರ ಮನೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಇಲ್ಲದೇ ಇರಬಹುದು. ಆಗ ಮೂಲ ಪತ್ರಗಳ ಕಟ್ಟು ಎಲ್ಲಿದೆ ಎಂದು ಮೊದಲ ವಾರವೇ ಕೇಳಿ. ನಮ್ಮದು ಅಂಥದ್ದೇ, ಪತ್ರಗಳು ಬೀರುವಿನ ಮೇಲಿನ ಸೂಟ್‌ಕೇಸಿನಲ್ಲಿದ್ದವು. ಕೋಳಿ ಸಾಕಬಾರದು, ಅಂಗಡಿ ಇಡಬಾರದು ಎಂಬ ಕಟ್ಟುಪಾಡು ಅದರಲ್ಲಿ ಇನ್ನೂ ಇದೆ.

ಹಣದ ವಿಷಯಕ್ಕೆ ಬರೋಣ, ನಮ್ಮವರು ಹೆಚ್ಚು ಎಡವುವುದು ಇಲ್ಲೇ. 2025ರ ಏಪ್ರಿಲ್ ನಂತರದ ದರದಲ್ಲಿ 4,40,000ಕ್ಕೆ ಮೊದಲ ಮನೆಯವರಿಗೆ ಸ್ಟ್ಯಾಂಪ್ ಡ್ಯೂಟಿ 7,000. ಮೊದಲ ಮನೆಯಲ್ಲದಿದ್ದರೆ 12,000. ಇನ್ನೊಂದು ಮನೆ ಇಟ್ಟುಕೊಂಡೇ ಕೊಂಡರೆ ಶೇ. 5 ಹೆಚ್ಚುವರಿ ಸೇರಿ 34,000. 'ಇನ್ನೊಂದು ಮನೆ' ಎಂದರೆ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಸರಿ. ಬೆಂಗಳೂರಿನ ಫ್ಲಾಟು, ವಿಭಾಗಪತ್ರದಲ್ಲಿ ಹೆಸರಿಗೆ ಬಂದ ಊರಮನೆಯ ಪಾಲು ಎಲ್ಲವನ್ನೂ ಸಾಲಿಸಿಟರ್‌ಗೆ ಹೇಳಲೇಬೇಕು. ಹೆಚ್ಚುವರಿಗೆ ನೋಡುವಾಗ ಗಂಡ ಹೆಂಡತಿ ಇಬ್ಬರ ಆಸ್ತಿಯೂ ಲೆಕ್ಕ. ಪಾಲು 40,000 ಪೌಂಡಿಗಿಂತ ಕಡಿಮೆ ಬೆಲೆಯದಾದರೆ ಹೆಚ್ಚುವರಿ ತಪ್ಪುತ್ತದೆ, ಆದರೆ 'ಮೊದಲ ಮನೆ' ರಿಯಾಯಿತಿ ಹೋಗಿಬಿಡಬಹುದು. ಮೈಸೂರಿನ ಖಾಲಿ ಸೈಟು ನಮಗೆ ತೊಂದರೆ ಕೊಡಲಿಲ್ಲ, ಅದು ವಾಸದ ಮನೆಯಲ್ಲವಲ್ಲ.

ಊರಿಂದ ಡಿಪಾಸಿಟ್ಟಿಗೆ ಹಣ ತರಿಸುವವರು ಅಪ್ಪ ಅಮ್ಮ ಇಬ್ಬರ ಪ್ಯಾನ್ ಮೇಲೂ ಹಂಚಿ ತರಿಸಿ. ಒಬ್ಬರಿಗೆ ಹಣಕಾಸು ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇ. 20 ಟಿಸಿಎಸ್ (ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ಸ್‌ನಲ್ಲಿ ವಾಪಸ್ ಪಡೆಯಬಹುದು, ಆದರೆ ಎಕ್ಸ್‌ಚೇಂಜ್ ದಿನ ಆ ದುಡ್ಡು ಕೈಯಲ್ಲಿರುವುದಿಲ್ಲ. ಮಾರ್ಚಿನಲ್ಲಿ ಒಂದು ಕಂತು, ಏಪ್ರಿಲ್‌ನಲ್ಲಿ ಇನ್ನೊಂದು ಮಾಡಿದರೆ ಎರಡು ವರ್ಷದ ಮಿತಿ ಸಿಗುತ್ತದೆ. ಗಿಫ್ಟ್ ಲೆಟರ್, ಆರು ತಿಂಗಳ ಸ್ಟೇಟ್‌ಮೆಂಟ್ ಬೇಕು. ಜಮೀನು ಮಾರಿದ ಹಣವಾದರೆ ಕನ್ನಡದ ಕ್ರಯಪತ್ರಕ್ಕೆ ಪ್ರಮಾಣಿತ ಅನುವಾದವೂ ಬೇಕು. ಈ ಅನುವಾದಕ್ಕೇ ನನಗೆ ಮೂರು ವಾರ ಹೋಯಿತು.

ಬೀದಿ ನಿಜಕ್ಕೂ ಶಾಂತವೇ ಎಂದು ನೋಡುವುದಕ್ಕೆ ಭಾನುವಾರದ ವ್ಯೂಯಿಂಗ್ ಸಾಲದು. ಶಾಲೆ ಬಿಡುವ ಹೊತ್ತು, ಶುಕ್ರವಾರ ರಾತ್ರಿ ಹತ್ತು ಗಂಟೆ, ಮಳೆ ಬಿದ್ದು ನೈಋತ್ಯ ಗಾಳಿ ಬೀಸುವ ದಿನ, ಹೀಗೆ ಮೂರು ಸಲ ಹೋಗಿ. ಇಲ್ಲಿ ಹೆಚ್ಚು ದಿನ ಬೀಸುವುದು ಆ ಗಾಳಿಯೇ. ಎ329(ಎಂ) ಹೆದ್ದಾರಿಯ ಒದ್ದೆ ಟೈರಿನ ಸದ್ದನ್ನು ವುಡ್ಲಿ ಕಡೆಗೇ ತಳ್ಳುತ್ತದೆ. ಬಾಗಿಲ ದಿಕ್ಕಿನದ್ದೂ ಒಂದು ಮಾತು. ಇಂಗ್ಲಿಷರಿಗೆ ದಕ್ಷಿಣದ ತೋಟ ಬೇಕು, ನಮ್ಮವರಿಗೆ ಪೂರ್ವದ ಬಾಗಿಲು ಬೇಕು. ಪೂರ್ವಕ್ಕೆ ಬಾಗಿಲಿದ್ದರೆ ಹಿತ್ತಲು ಪಶ್ಚಿಮಕ್ಕೆ, ಜೂನ್‌ನಲ್ಲಿ ರಾತ್ರಿ ಒಂಬತ್ತರ ತನಕ ಬಿಸಿಲು. ವಾಸ್ತುವೂ ಆಯಿತು, ಕಾಫಿಗೆ ಜಾಗವೂ ಆಯಿತು.

ಒಳಗೆ ಬಂದ ಮೇಲೆ ಹಾಲ್ ಗೋಡೆಯಲ್ಲಿ ತೇವ. ಉಚಿತ ಸರ್ವೆಗೆ ಬಂದವರು ಗೋಡೆಗೆ ರಾಸಾಯನಿಕ ಚುಚ್ಚಲು 3,800 ಕೇಳಿದರು. ಹೊರಗೆ ಹೋಗಿ ನೋಡಿದರೆ ಯಾರೋ ಹಳೆಯ ದಾರಿಯ ಮೇಲೆ ಇನ್ನೊಂದು ಕಾಂಕ್ರೀಟ್ ಪದರ ಹಾಕಿ ಡ್ಯಾಂಪ್ ಕೋರ್ಸ್ (ನೆಲದ ತೇವ ಮೇಲೇರದಂತೆ ಗೋಡೆಯಲ್ಲಿ ಹಾಕುವ ಪದರ) ಮುಚ್ಚಿಬಿಟ್ಟಿದ್ದರು; ಎರಡು ಏರ್‌ಬ್ರಿಕ್ಕೂ (ನೆಲದಡಿಗೆ ಗಾಳಿ ಬಿಡುವ ತೂತಿನ ಇಟ್ಟಿಗೆ) ಅದರಡಿ. ಹೊರಗಿನ ನೆಲ ಡ್ಯಾಂಪ್ ಕೋರ್ಸಿಗಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು. ಕಾಂಕ್ರೀಟು ಒಡೆಸಿ ಜಲ್ಲಿ ತುಂಬಿಸಲು 400 ಆಯಿತು. ಗೋಡೆ ಒಣಗಲು ಎಂಟು ತಿಂಗಳು ಹಿಡಿಯಿತು, ಅಲ್ಲಿಯವರೆಗೆ ಪೇಂಟು ಮುಟ್ಟಲಿಲ್ಲ. ವೈರಿಂಗ್ 6,500, ಕಾಂಬಿ ಬಾಯ್ಲರ್ 3,000, ಚರಂಡಿ 1,100 ಇರಬೇಕು. ಗ್ಯಾರೇಜಿನ ಸುಕ್ಕು ಶೀಟು ಆಸ್ಬೆಸ್ಟಾಸ್; ಗಟ್ಟಿಯಾಗಿದೆ, ಅಲುಗಾಡಿಸದೆ ಬಿಟ್ಟಿದ್ದೇನೆ.

ಅಡುಗೆಮನೆಯಲ್ಲಿ ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುವ ಹುಡ್ ಹಾಕಿಸಿದ್ದು ನನ್ನ ತಪ್ಪು. ಒಗ್ಗರಣೆ ವಾಸನೆ ಮಹಡಿಯ ಹಾಸಿಗೆಗೆ ಹತ್ತಿತು. 150 ಮಿ.ಮೀ. ಡಕ್ಟ್ ಹಾಕಿಸಿ ಹೊರಗೋಡೆಗೆ ಬಿಟ್ಟೆ. ಅಡುಗೆಮನೆಗೆ ಸ್ಮೋಕ್ ಅಲಾರಂ ಬೇಡ, ಹೀಟ್ ಅಲಾರಂ ಹಾಕಿಸಿ; ಒಣಮೆಣಸಿನಕಾಯಿ ಹುರಿದರೂ ಕೂಗುವುದಿಲ್ಲ.

ಪಶ್ಚಿಮದ ಹಿತ್ತಲಲ್ಲಿ ಮೆಂತ್ಯ ಮೇ ತಿಂಗಳಿಂದ ಚೆನ್ನಾಗಿ ಬರುತ್ತದೆ, ಹರಿವೆಗೆ ಜೂನ್ ಬೇಕು. ಅವರೆ ಮಾತ್ರ ಬೇಲಿ ತುಂಬ ಹಬ್ಬಿ ಒಂದು ಹೂವೂ ಬಿಡಲಿಲ್ಲ. ನಾಟಿ ಅವರೆಗೆ ಹಗಲು ಕುಗ್ಗಬೇಕು, ಇಲ್ಲಿ ಹಗಲು ಕುಗ್ಗುವಷ್ಟರಲ್ಲಿ ಚಳಿ ಬಂದಿರುತ್ತದೆ. ಹೆಬ್ಬಾಳ ಅವರೆ-4 ಆ ಹಂಗಿಲ್ಲದ ತಳಿ, ಆದರೆ ಬೀಜವನ್ನು ಫೈಟೊಸ್ಯಾನಿಟರಿ ಪ್ರಮಾಣಪತ್ರವಿಲ್ಲದೆ ತರುವಂತಿಲ್ಲ. ಆ ಕಾಗದಕ್ಕೆ ಅಪ್ಪ ಓಡಾಡುತ್ತಿದ್ದಾರೆ.